ಬದುವಿನ ತಂಗಡಿ, ಬದನೆಯ ದುಂಬಿ

ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗೊತ್ತಲ್ಲ? ಕೆಲವು ಕಡೆ ಆವರಿಕೆ ಅಂತಾರೆ. ಒಂದು ಕಾಲಕ್ಕೆ ಇದು ದುಡ್ಡಿನ ಗಿಡ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಕಂಪನಿ ವೈದ್ಯ ಬುಕಾನನ್, ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆಮೇಲೆ ಆಫ್ರಿಕಾದ ವ್ಯಾಟಲ್ ತೊಗಟೆ ಬಂತು, ಕ್ರೋಮ್ ಉಪ್ಪು ಬಂತು. ತಂಗಡಿ ಕೇಳುವವರು ಕಡಿಮೆಯಾದರು. ಈಗ ಜೆಸಿಬಿ ಬದು ಸವರಿದರೆ ಯಾರೂ ತಡೆಯುವುದಿಲ್ಲ.

ಆದರೆ ಒಬ್ಬ ಹಳೇ ಗಿರಾಕಿಯನ್ನು ನಾವು ಲೆಕ್ಕಕ್ಕೇ ಹಿಡಿಯಲಿಲ್ಲ: ಮರ ಕೊರೆಯುವ ಕರಿ ದುಂಬಿ. ತಂಗಡಿ ಹೂವಿನಲ್ಲಿ ಮಕರಂದವಿಲ್ಲ, ಪರಾಗ ಮಾತ್ರ. ಅದೂ ಕೇಸರದ ತುದಿಯ ಸಣ್ಣ ತೂತಿನೊಳಗೆ. ದುಂಬಿ ಹೂ ಹಿಡಿದು ಗುಂಯ್ ಅಂತ ಮೈ ನಡುಗಿಸಿದರೆ ಉದುರುತ್ತದೆ. ಬದನೆ ಹೂವೂ ಹಾಗೇ. ಗಾಳಿಯೂ ಸ್ವಲ್ಪ ಅಲುಗಿಸುತ್ತದೆ ನಿಜ, ದುಂಬಿ ಬಂದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಬದನೆ ಹೂ ಇಲ್ಲದ ದಿನಗಳಲ್ಲಿ ಅದಕ್ಕೆ ತಂಗಡಿಯೇ ಆಸರೆ.

ನರ್ಸರಿಗೆ ಹೋಗಬೇಕಿಲ್ಲ. ಒಣಗಿದ ಕಾಯಿ ಬಿಡಿಸಿ, ಬೀಜದ ಸಿಪ್ಪೆ ಗಟ್ಟಿಯಾದ್ದರಿಂದ ಮರಳಲ್ಲಿ ತಿಕ್ಕಿ, ರಾತ್ರಿ ನೆನೆಸಿ, ಮುಂಗಾರಿನ ಮೊದಲ ಹದಕ್ಕೆ ಬದುವಿನಲ್ಲಿ ಊರಿ. ಪಕ್ಕದಲ್ಲಿ ಒಣ ಮರದ ದಿಮ್ಮಿಯೊಂದು ಬಿದ್ದಿರಲಿ. ದುಂಬಿ ಗೂಡು ಕೊರೆಯುವುದು ಅದರಲ್ಲೇ, ಒಲೆಗೆ ಹಾಕಬೇಡಿ.