ಅನಾಹತ

'ಹನ್' ಎಂಬ ಸಂಸ್ಕೃತ ಧಾತುವಿಗೆ ಹೊಡೆ, ಕೊಲ್ಲು ಎಂಬ ಅರ್ಥಗಳಿವೆ. ಹತ್ಯೆ, ಆಘಾತ ಅದರ ಕುಡಿಗಳು. ಹೊಡೆತದಿಂದ ಹುಟ್ಟಿದ ನಾದ ಆಹತ, ಹೊಡೆತವಿಲ್ಲದ್ದು ಅನಾಹತ. ಶಾರ್ಙ್ಗದೇವನ 13ನೇ ಶತಮಾನದ 'ಸಂಗೀತ ರತ್ನಾಕರ' ನಾದವನ್ನು ಹೀಗೆ ಎರಡಾಗಿ ವಿಂಗಡಿಸಿ, ಲೋಕವನ್ನು ರಂಜಿಸುವ ಗುಣವನ್ನು ಆಹತಕ್ಕೇ ಕೊಟ್ಟಿತು. ಯೋಗದಲ್ಲಿ ಅನಾಹತವೆಂದರೆ ಎದೆಯ ಚಕ್ರ. ಧ್ಯಾನಸ್ಥನಿಗಷ್ಟೇ ಕೇಳುವ ಒಳದನಿಯೂ ಹೌದು.

ಮಿದುಳಿನ ಅಲೆಗಳ ಸಂಗೀತಕ್ಕೆ ಈ ಹೆಸರು ಒಪ್ಪೀತೆ? 1965ರಲ್ಲಿ ಅಮೆರಿಕದ ಆಲ್ವಿನ್ ಲೂಸಿಯರ್ 'ಮ್ಯೂಸಿಕ್ ಫಾರ್ ಸೋಲೋ ಪರ್ಫಾರ್ಮರ್' ಕೃತಿಗಾಗಿ ತಲೆಗೆ ಎಲೆಕ್ಟ್ರೋಡ್ ಅಂಟಿಸಿಕೊಂಡು, ಕಣ್ಣುಮುಚ್ಚಿ ಸುಮ್ಮನೆ ಕುಳಿತರು. ಆಲ್ಫಾ ಅಲೆಗಳು ಸೆಕೆಂಡಿಗೆ 8ರಿಂದ 13 ಆವರ್ತನದವು. ಕಿವಿಯ ಕೆಳಮಿತಿ ಸುಮಾರು 20. ಆದ್ದರಿಂದ ವರ್ಧಿಸಿದ ಸಂಕೇತ ಧ್ವನಿವರ್ಧಕಗಳನ್ನು ಅದುರಿಸಿತು, ಆ ಅದುರಾಟ ತಾಳವಾದ್ಯಗಳನ್ನು ನುಡಿಸಿತು. ಕೇಳಿಸಿದ್ದು ಅಪ್ಪಟ ಆಹತ. ಯಾರ ಕೈಯೂ ತಾಗಲಿಲ್ಲವಲ್ಲ ಎನ್ನಬಹುದು. ಕೊಳಲಿಗೂ ಕೈಯ ಹೊಡೆತವಿಲ್ಲ. ಅಲ್ಲಿ ಉಸಿರಿನದೇ ಆಘಾತ. ಮೂಲ ಅಲೆಯಾದರೂ ಅನಾಹತವಲ್ಲವೆ? ಅಲ್ಲ, ಅದು ನರಕೋಶಗಳ ಸಾಮೂಹಿಕ ವಿದ್ಯುತ್ ಏರಿಳಿತ, ನಾದವೇ ಅಲ್ಲ. ಯಂತ್ರ ಪ್ರಜ್ಞೆಯ ಕುರುಹನ್ನು ಅಳೆಯುತ್ತದೆ, ಅನುಭವವನ್ನಲ್ಲ. ಅಳತೆಗೆ ಸಿಗದ ಆ ಅನುಭವಕ್ಕೇ 'ಅನಾಹತ'ವನ್ನು ಮೀಸಲಿಟ್ಟರೆ ವಿಜ್ಞಾನಕ್ಕೂ ಯೋಗಕ್ಕೂ ನ್ಯಾಯ ಸಲ್ಲುತ್ತದೆ.