ತಂದೆಯವರ ಎಡಗೈ

ನಮ್ಮ ಮನೆಯ ಹಳೆಯ ಅಂಬಾಸಡರ್ ಕಾರಿಗೆ ಸೀಟ್ ಬೆಲ್ಟ್ ಹಾಕಿಸುವ ಪ್ರಸಂಗ ಬಂದದ್ದು ನನ್ನ ಮಗಳಿಂದ. ರಜಕ್ಕೆ ಮೈಸೂರಿಗೆ ಬಂದಿದ್ದಳು. ಎಂಟು ವರ್ಷದ ಮೊಮ್ಮಗಳನ್ನು ನಂಜನಗೂಡಿಗೆ ಕರೆದುಕೊಂಡು ಹೋಗಿಬರುತ್ತೇನೆಂದು ನಾನು ಹೊರಟಾಗ, "ಅಪ್ಪ, ಬೇಜಾರು ಮಾಡಿಕೊಳ್ಳಬೇಡಿ. ಬೆಲ್ಟ್ ಇಲ್ಲದ ಕಾರಿನಲ್ಲಿ ಇವಳನ್ನು ಕೂರಿಸಲಾರೆ" ಎಂದುಬಿಟ್ಟಳು. ಬೇಜಾರಾಗದೆ ಹೇಗಿದ್ದೀತು? 1964ರಿಂದ ನಮ್ಮ ಮನೆಯವರನ್ನೆಲ್ಲ ಹೊತ್ತ ಗಾಡಿ ಅದು. ಆದರೆ ಅದೇ ನಂಜನಗೂಡಿನ ರಸ್ತೆಯ ನೆನಪೊಂದು ನನ್ನ ಬಾಯಿ ಕಟ್ಟಿಹಾಕಿತು.

1969ರಲ್ಲಿ ನನಗೆ ಆರು ವರ್ಷ. ಆ ಕಾರಿನ ಮುಂದಿನ ಸೀಟು ಮಂಚದಂತೆ ಉದ್ದಕ್ಕೂ ಒಂದೇ. ತಂದೆಯವರು ಓಡಿಸುತ್ತಿದ್ದರು, ನಡುವೆ ನಾನು, ಕಿಟಕಿಯ ಪಕ್ಕದಲ್ಲಿ ಅಮ್ಮ. ಎತ್ತಿನ ಗಾಡಿಯೊಂದು ಇದ್ದಕ್ಕಿದ್ದಂತೆ ರಸ್ತೆಗೆ ಅಡ್ಡ ತಿರುಗಿತು. ತಂದೆಯವರು ಬ್ರೇಕು ಒತ್ತಿದರು. ಒತ್ತಿದ ಕ್ಷಣವೇ ಅವರ ಎಡಗೈ ಗೇರಿನ ಹಿಡಿಯನ್ನು ಬಿಟ್ಟು ನನ್ನ ಎದೆಗೆ ಅಡ್ಡ ಬಂತು. ಕಾರು ಗಾಡಿಗೆ ತಾಕಲಿಲ್ಲ. ನನಗೆ ಏನೂ ಆಗಲಿಲ್ಲ. ಅಮ್ಮನ ಹಣೆ ಮಾತ್ರ ಡ್ಯಾಷ್‌ಬೋರ್ಡಿಗೆ ಬಡಿದು ಒಡೆಯಿತು. ಆ ಗಾಯದ ಗುರುತು ಕುಂಕುಮದ ಪಕ್ಕದಲ್ಲಿ ಕೊನೆಯವರೆಗೂ ಉಳಿದಿತ್ತು. ತಂದೆಯವರು ಅದನ್ನು ಕುರಿತು ಒಂದು ದಿನವೂ ಮಾತನಾಡಿದ್ದಿಲ್ಲ.

ಬ್ರೇಕು ಹಾಕಿದಾಗ ಕೈ ಸಾಕಾದೀತು, ಡಿಕ್ಕಿಗೆ ಸಾಲದು. ಗಂಟೆಗೆ 50 ಕಿಲೋಮೀಟರು ವೇಗದ ಕಾರು ಎದುರಿಗೆ ಬಡಿದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆನ್ನಿ. ಒಳಗಿರುವವರ ಮೈ ತನ್ನ ತೂಕದ ಸುಮಾರು 14 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 20 ಕಿಲೋ ತೂಗುವ ಮಗು ಆಗ 280 ಕಿಲೋ. ಯಾವ ತಂದೆಯ ತೋಳೂ ಅದನ್ನು ತಡೆದೀತೆಂದು ನಾನು ನಂಬಲಾರೆ.

ಇಷ್ಟಾದರೂ ನನ್ನ ಮಿತ್ರರೊಬ್ಬರು ಒಪ್ಪಲಿಲ್ಲ. ಹಳೆಯ ಕಾರುಗಳೆಂದರೆ ಅವರಿಗೆ ಪ್ರಾಣ. "ಅಂಬಾಸಡರಿನ ಕಂಬಕ್ಕೆ ತೂತು ಕೊರೆಯುವುದೂ ಬೇಲೂರಿನ ಕಂಬಕ್ಕೆ ಮೊಳೆ ಹೊಡೆಯುವುದೂ ಒಂದೇ. ಅದು ಇತಿಹಾಸ, ಸ್ವಾಮಿ! ಆ ಕಾಲದಲ್ಲಿ ಬೆಲ್ಟ್ ಎಲ್ಲಿತ್ತು?" ಎಂದರು. ನಮ್ಮ ಕಾನೂನೂ ಅವರ ಕಡೆಗೇ ಇತ್ತು. ಮುಂದಿನ ಸೀಟಿಗೆ ಬೆಲ್ಟ್ ಇರಲೇಬೇಕೆಂಬ ನಿಯಮ ನಮ್ಮಲ್ಲಿ ಬಂದದ್ದು 1994ರ ಮಾರ್ಚ್ 25ರಿಂದ ತಯಾರಾದ ಕಾರುಗಳಿಗೆ. ನನ್ನ ಗಾಡಿಯನ್ನು ಯಾವ ಪೊಲೀಸಿನವರೂ ಕೇಳುವಂತಿರಲಿಲ್ಲ.

ಆದರೆ ಆ ಕಾಲದಲ್ಲಿ ಬೆಲ್ಟ್ ಇತ್ತು. ನಮ್ಮ ಕಾರು ಉತ್ತರಪಾರದ ಕಾರ್ಖಾನೆಯಿಂದ ಹೊರಬರುವ ಐದು ವರ್ಷ ಮೊದಲೇ, 1959ರಲ್ಲಿ, ಸ್ವೀಡನ್ನಿನ ವೋಲ್ವೊ ಕಂಪನಿ ತನ್ನ ಕಾರುಗಳ ಮುಂದಿನ ಸೀಟಿಗೆ ಮೂರು ಕಡೆ ಬಿಗಿದ ಬೆಲ್ಟನ್ನು ಹಾಕಿ ಮಾರಿತ್ತು. ಅದನ್ನು ರೂಪಿಸಿದವನು ನಿಲ್ಸ್ ಬೊಲಿನ್. ಆತ ಬಂದದ್ದು ಸಾಬ್ ಕಂಪನಿಯಿಂದ. ಅಲ್ಲಿ ಅವನ ಕೆಲಸ, ಅಪಾಯದಲ್ಲಿ ವಿಮಾನ ಚಾಲಕನನ್ನು ಸೀಟಿನ ಸಮೇತ ಹೊರಕ್ಕೆ ಚಿಮ್ಮಿಸುವ ಯಂತ್ರದ ಮೇಲೆ. ಒಬ್ಬನನ್ನು ಹೊರಕ್ಕೆ ಎಸೆಯುವ ವಿದ್ಯೆಯಿಂದ ಹೊರಟವನು ಎಲ್ಲರನ್ನೂ ಒಳಗೇ ಹಿಡಿದಿಡುವ ವಿದ್ಯೆಗೆ ಬಂದ!

ಅವನಿಗೆ ಮೊದಲು ಬೆಲ್ಟೇ ಇರಲಿಲ್ಲವೆಂದಲ್ಲ. ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿಯನ್ನು ಅಮೆರಿಕದ ಫೋರ್ಡ್ ಕಂಪನಿ 1956ರ ಮಾದರಿಯಲ್ಲಿ ಬೇಕೆಂದವರಿಗೆ ಕೊಟ್ಟಿತ್ತು. ಸ್ವೀಡನ್ನಿನಲ್ಲಿ ಎದೆಗೆ ಓರೆಯಾಗಿ ಹಾಯುವ ಪಟ್ಟಿಯೂ ಇತ್ತು. ಸೊಂಟದ ಪಟ್ಟಿ ತಲೆಯನ್ನು ಕಾಯದು. ಓರೆಯ ಪಟ್ಟಿಯಲ್ಲಿ ಮೈ ಕೆಳಗಿನಿಂದ ಜಾರೀತು, ಕೊಂಡಿ ಪಕ್ಕೆಲುಬಿಗೆ ಒತ್ತೀತು. ಬೊಲಿನ್ ಎರಡನ್ನೂ ಕೂಡಿಸಿದ. ಎರಡೂ ಸೇರುವ ಗಂಟನ್ನು ಹೊಟ್ಟೆಯ ಮೇಲಿಡದೆ ಸೊಂಟದ ಪಕ್ಕಕ್ಕೆ, ತಗ್ಗಿನಲ್ಲಿ ಇಟ್ಟ. ಒಂದೇ ಕೈಯಿಂದ, ಒಂದೇ ಎಳೆತದಲ್ಲಿ ಹಾಕಿಕೊಳ್ಳುವಂತೆ ಮಾಡಿದ. ವಿಮಾನದವನು ಹತ್ತು ಪಟ್ಟಿ ಬಿಗಿಯೆಂದರೂ ಬಿಗಿದುಕೊಂಡಾನು; ಕಾರಿನವನು ಒಂದು ನಿಮಿಷದ ಕಿರಿಕಿರಿಯನ್ನೂ ಸಹಿಸಲಾರ ಎಂಬ ಗುಟ್ಟು ಅವನಿಗೆ ತಿಳಿದಿತ್ತು. ವೋಲ್ವೊದವರು ಈ ಪೇಟೆಂಟನ್ನು ಇತರ ಕಂಪನಿಗಳೂ ಬಳಸಲೆಂದು ಬಿಟ್ಟುಕೊಟ್ಟರು. 1967ರಲ್ಲಿ ತಮ್ಮ ಕಾರುಗಳ 28,000 ಅಪಘಾತಗಳ ಲೆಕ್ಕವನ್ನೂ ಮುಂದಿಟ್ಟರು. ಬೆಲ್ಟ್ ಕಟ್ಟಿದವರಲ್ಲಿ ಗಂಟೆಗೆ 60 ಮೈಲಿಗಿಂತ ಕೆಳಗಿನ ವೇಗದಲ್ಲಿ ಒಬ್ಬರೂ ಸತ್ತಿರಲಿಲ್ಲ. ಕಟ್ಟದವರು 12 ಮೈಲಿಯಲ್ಲಿಯೂ ಸತ್ತಿದ್ದರು.

ಹಾಗಿದ್ದರೂ ಜನ ಕಟ್ಟಿಕೊಂಡರೇ? ಬ್ರಿಟನ್ನಿನಲ್ಲಿ 1960ರ ದಶಕದಲ್ಲೇ ಹೊಸ ಕಾರುಗಳಿಗೆ ಬೆಲ್ಟ್ ಬಂತು. ಕಟ್ಟಲೇಬೇಕೆಂಬ ಕಾನೂನು ಜಾರಿಗೆ ಬಂದದ್ದು 1983ರ ಜನವರಿ 31ರಂದು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದವರು 1970ರಲ್ಲೇ ಆ ಧೈರ್ಯ ಮಾಡಿದ್ದರು. ಮೊದಮೊದಲಿನ ಬೆಲ್ಟು ಅಳತೆಗೆ ಬಿಗಿದಷ್ಟೇ. ಗಂಡ ಕೂತ ಸೀಟಿನಲ್ಲಿ ಹೆಂಡತಿ ಕೂತರೆ ಮತ್ತೆ ಎಳೆದು ಸರಿಮಾಡಬೇಕು. ಬಿಗಿ ಮಾಡಿದರೆ ಕೈ ಹ್ಯಾಂಡ್‌ಬ್ರೇಕಿಗೆ ಎಟುಕದು, ಸಡಿಲ ಬಿಟ್ಟರೆ ಕಟ್ಟಿಯೂ ಫಲವಿಲ್ಲ. ಕೊನೆಗೆ ಅದು ಸೀಟಿನ ಕೆಳಗೆ ಧೂಳು ತಿನ್ನುತ್ತಿತ್ತು. ತಾನಾಗಿ ಸುತ್ತಿಕೊಳ್ಳುವ ಬೆಲ್ಟು ಬಂದ ಮೇಲೆ ಈ ರಗಳೆ ತಪ್ಪಿತು. ಡಬ್ಬಿಯೊಳಗಿನ ಸ್ಪ್ರಿಂಗು ಪಟ್ಟಿಯನ್ನು ಸದಾ ಒಳಕ್ಕೆ ಎಳೆಯುತ್ತಿರುತ್ತದೆ; ನಾವು ಬಗ್ಗಿದರೆ ಬಗ್ಗಲು ಬಿಡುತ್ತದೆ. ಕಾರು ತಟ್ಟನೆ ನಿಧಾನವಾದರೆ ಒಳಗಿನ ಪುಟ್ಟ ಗುಂಡು ತನ್ನ ಗುಳಿಯಿಂದ ಉರುಳಿ ಹಲ್ಲುಚಕ್ರವನ್ನು ಹಿಡಿಸುತ್ತದೆ. ಪಟ್ಟಿ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಸೋಮಾರಿತನಕ್ಕೆ ಯಂತ್ರಶಾಸ್ತ್ರ ಕೊಟ್ಟ ರಿಯಾಯಿತಿ ಇದು. (ಅದಕ್ಕೂ ಸೋಲದ ಸೋಮಾರಿಗಳುಂಟು. ಎಚ್ಚರಿಕೆಯ ಸದ್ದನ್ನು ಅಡಗಿಸಲು ಬರಿಯ ಕೊಂಡಿಯನ್ನು ಕೊಂಡು ಸಿಕ್ಕಿಸುತ್ತಿದ್ದರು. ಅವುಗಳ ಮಾರಾಟವನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ತಡೆಯಬೇಕಾಯಿತು.)

ಮಿತ್ರರಿಗೆ ಇಷ್ಟನ್ನೂ ಹೇಳಿ, ಕಾರನ್ನು ನಮ್ಮ ಹಳೆಯ ಮೇಸ್ತ್ರಿಯ ಬಳಿಗೆ ಒಯ್ದೆ. ಮುರಿದ ಕಾರುಗಳಿಂದ ಬಿಚ್ಚಿದ ಬೆಲ್ಟುಗಳು ಅಗ್ಗವಾಗಿ ಸಿಗುತ್ತವೆ ಎಂದರು. ಒಮ್ಮೆ ಅಪಘಾತದ ಎಳೆತ ತಿಂದ ಪಟ್ಟಿ ಹಿಗ್ಗಿ ಸತ್ವ ಕಳೆದುಕೊಂಡಿರುತ್ತದೆ. ಬೇಡವೆಂದೆ, ಹೊಸದನ್ನೇ ತಂದೆವು. ಬಾಗಿಲ ಕೆಳಗಿನ ಹೊಸ್ತಿಲನ್ನು ಮೇಸ್ತ್ರಿ ಸುತ್ತಿಗೆಯಿಂದ ತಟ್ಟುತ್ತ ಹೋದರು. ಒಂದು ಕಡೆ ಸದ್ದು ಬದಲಾಯಿತು. ಬಣ್ಣ ಕೆರೆದರೆ ಒಳಗೆ ತಗಡೇ ಇಲ್ಲ, ಬರಿಯ ತುಕ್ಕು. "ಇಲ್ಲಿಗೆ ಬೋಲ್ಟ್ ಹಾಕಿದ್ದರೆ ಬೆಲ್ಟಿನ ಜೊತೆ ನೆಲವೂ ಕಿತ್ತುಬರುತ್ತಿತ್ತು, ಸ್ವಾಮಿ" ಎಂದರು. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆದು, ಒಳಗಿನಿಂದ ದಪ್ಪ ಉಕ್ಕಿನ ಹಲಗೆ ಕೊಟ್ಟು, ಅದಕ್ಕೆ 7/16 ಅಂಗುಲದ ಬೋಲ್ಟ್ ಬಿಗಿದರು. ಎರಡು ದಿನ ಹಿಡಿಯಿತು. ಬೆಲ್ಟಿನ ನೆಪದಲ್ಲಿ ಕಾರಿನ ಕೊಳೆತ ತಳ ಬಯಲಾಯಿತಲ್ಲ ಎಂದು ನನಗೆ ಸಮಾಧಾನ. ಮಿತ್ರರೂ ಇಣುಕಿ ನೋಡಿ, ಏನೂ ಹೇಳದೆ ಹೋದರು.

ಡಬ್ಬಿ ಕೂರಿಸಿ ಎಳೆದರೆ ಬೆಲ್ಟು ಹೊರಗೇ ಬಾರದು! ಕೆಟ್ಟ ಮಾಲೆಂದು ಅಂಗಡಿಯವನನ್ನು ಬೈಯುವುದಕ್ಕೆ ನಾನು ಸಿದ್ಧನಾದೆ. ಮೇಸ್ತ್ರಿ ಡಬ್ಬಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ಅತ್ತಿತ್ತ ವಾಲಿಸಿದರು. ನೆಟ್ಟಗೆ ಹಿಡಿದಾಗ ಪಟ್ಟಿ ಸರಾಗ, ವಾಲಿಸಿದಾಗ ಬಿಗಿ. ನಮ್ಮ ಕಾರಿನ ಕಂಬ ಓರೆ. ಒಳಗಿನ ಗುಂಡು ಆಗಲೇ ಉರುಳಿ ಕೂತಿತ್ತು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಗಾರೆಯವನಿಂದ ತೂಕದ ಗುಂಡನ್ನು ಇಸಿದುಕೊಂಡು ಬಂದು, ಗೋಡೆ ನೋಡುವಂತೆ ಕಂಬಕ್ಕೆ ನೂಲು ಇಳಿಬಿಟ್ಟು, ಅದರ ಅಂದಾಜಿಗೆ ಒಂದು ಕೋನದ ತುಂಡು ಮಾಡಿ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿದರು. ಹಿಂದಿನ ಸೀಟಿನ ಡಬ್ಬಿಗಳು ಮಲಗಿದಂತೆ ಕೂರಬೇಕು. ಅವಕ್ಕೆ ಆ ಭಂಗಿಗೆಂದೇ ಮಾಡಿದ್ದನ್ನು ತರಿಸಿದೆವು. ಮಗುವಿಗೆ ಪಟ್ಟಿ ಕುತ್ತಿಗೆಗೆ ತಾಗದೆ ಹೆಗಲ ಮೇಲೆ ಹಾಯಲೆಂದು ಎತ್ತರದ ಪೀಠವೊಂದನ್ನು ಮಗಳೇ ಕೊಂಡುತಂದಳು.

ಭಾನುವಾರ ನಂಜನಗೂಡಿಗೆ ಹೊರಟೆವು. ಮುಂದೆ ನಾನೊಬ್ಬನೇ, ಹಿಂದೆ ತಾಯಿ ಮಗಳು. ಕಡಕೊಳ ದಾಟಿದ ಮೇಲೆ ನಾಯಿಯೊಂದು ಅಡ್ಡ ಬಂತು. ಬ್ರೇಕು ಒತ್ತಿದೆ. ಬೆಲ್ಟುಗಳು ಟಕ್ಕೆಂದು ಹಿಡಿದವು. ನನ್ನ ಎಡಗೈ ಆಗಲೇ ಪಕ್ಕದ ಖಾಲಿ ಸೀಟಿನ ಮೇಲೆ ಚಾಚಿಕೊಂಡಿತ್ತು.

"ತಾತ, ಯಾರನ್ನು ಹಿಡೀತಿದೀರಿ?" ಎಂದು ಹಿಂದಿನಿಂದ ಮೊಮ್ಮಗಳು ಕೇಳಿದಳು.