ಬರದ ಸೀಮೆಗೆ ಮೊಸಳೆ ಬಂದ ದಾರಿ

ವಿಜಯಪುರದ ಕೋಟೆಯಲ್ಲಿ ಪ್ರಾಣಿಗಳಿಗೇನೂ ಬರವಿಲ್ಲ. ಶೇರ್ಜಾ ಬುರುಜಿಗೆ ಆ ಹೆಸರು ಬಂದದ್ದೇ ಅಲ್ಲಿನ ಕಲ್ಲಿನ ಸಿಂಹಗಳಿಂದ. ಅದರ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು. ಅದರ ಬಾಯಿ ಸಿಂಹದ ಬಾಯಿ, ಹಲ್ಲುಗಳ ನಡುವೆ ಆನೆ ನುಗ್ಗಾಗುತ್ತಿದೆ. ಮೊಸಳೆ ಮಾತ್ರ ಈ ಊರಿನದಲ್ಲ, ಹೊಳೆಸಾಲಿನದು.

ಇರುವುದಾದರೂ ಹೇಗೆ? ಕುಡಿಯುವ ನೀರಿಗೇ ಆದಿಲಶಾಹಿಗಳು ತೊರವಿಯಿಂದ, 1651ರ ಬೇಗಂ ತಲಾಬಿನಿಂದ ನೆಲದೊಳಗೆ ಕೊಳವೆ ಹಾಕಿ ತರಬೇಕಾಯಿತು. ಅತ್ತ ತಿಕೋಟಾ, ಇತ್ತ ಬಬಲೇಶ್ವರ, ಎರಡೂ ಕಡೆ ಮುಗಿಲು ನೋಡಿಯೇ ಬಿತ್ತಿಗೆ. ಹಿತ್ತಲಿಗೆ ಬಂದರೆ ಹಾವು, ಮುಂಗುಸಿ, ಇಲ್ಲವೇ ಉಡ. (ಉಡವೂ ಸಣ್ಣ ಪ್ರಾಣಿಯಲ್ಲ. ಅದರ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ್ದಕ್ಕೇ ಮುಧೋಳದ ರಾಜಮನೆತನಕ್ಕೆ ಘೋರ್ಪಡೆ ಎಂಬ ಹೆಸರು ಬಂತೆಂದು ಐತಿಹ್ಯ.)

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಅಣೆಕಟ್ಟು ಲೋಕಾರ್ಪಣೆಯಾದದ್ದು 2006ರಲ್ಲಿ, ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ. ನಡುವೆ 42 ವರ್ಷ. ಹಿನ್ನೀರು ಊರು, ಹೊಲ ನುಂಗಿತು. ಆಮೇಲೆ ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಗಳು ಬಂದವು, ಕಾಲುವೆ ಹರಿಯಿತು, ಒಣಗಿದ್ದ ಕೆರೆಗಳು ತುಂಬಿದವು. ತಿಕೋಟಾ ಭಾಗದ ದ್ರಾಕ್ಷಿಯ ತೋಟಗಳು ನೀರು ಕಂಡವು.

ನೀರು ಬಂದಲ್ಲಿಗೆ ನೀರಿನ ಜೀವವೂ ಬರುತ್ತದೆ. ಕೃಷ್ಣೆಯಲ್ಲಿ ಮೊಸಳೆ ಮೊದಲಿಂದಲೂ ಇದೆ. ನಮ್ಮ ನದಿಗಳ ಮೊಸಳೆ ದಂಡೆಯಲ್ಲಿ ಬಿಲ ತೋಡುತ್ತದೆ, ಮಡು ಬತ್ತಿದರೆ ನೆಲದ ಮೇಲೆ ನಡೆದೇ ಬೇರೆ ನೀರು ಹುಡುಕುತ್ತದೆ. ಮೊದಲು ಅದಕ್ಕೂ ನಮಗೂ ನಡುವೆ ಒಣ ಎರೆ ಇತ್ತು. ಈಗ ಎಷ್ಟೋ ಕಡೆ ಕಬ್ಬಿದೆ.

2023ರ ಅಕ್ಟೋಬರ್‌ನಲ್ಲಿ, ಬಬಲೇಶ್ವರದ ಪಕ್ಕದ ಕೊಲ್ಹಾರ ತಾಲ್ಲೂಕಿನ ರೋಣಿಹಾಳದಲ್ಲಿ ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋದ ರೈತರ ಕಣ್ಣಿಗೆ ಮೊಸಳೆ ಬಿತ್ತು. ಅವರು ಅದನ್ನು ಹಿಡಿದು ಹಗ್ಗದಲ್ಲಿ ಕಟ್ಟಿದರು, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನೇರ ಹೆಸ್ಕಾಂ ಕೇಂದ್ರದ ಮುಂದೆ ತಂದಿಳಿಸಿದರು. ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಕೊಡುತ್ತೀರಿ, ಕತ್ತಲಲ್ಲಿ ಹಾವು, ಚೇಳು, ಮೊಸಳೆ ಕಚ್ಚಿ ಸತ್ತರೆ ಹೊಣೆ ಯಾರು ಎಂಬುದು ಅವರ ಕೇಳಿಕೆ. ವಿಡಿಯೊ ದೇಶವೆಲ್ಲ ಓಡಾಡಿತು, ಬಹಳ ಮಂದಿ ನಕ್ಕರು. ನಮಗೆ ನಗು ಬರಲಿಲ್ಲ. ಅರ್ಜಿ ಕೊಟ್ಟು ದಣಿದವರು ಸಾಕ್ಷಿಯನ್ನೇ ಹೊತ್ತು ತಂದಂತೆ ಕಂಡಿತು.

ಹಾಗೆಂದು ಮೊಸಳೆಯನ್ನು ಹಿಡಿದು ಕಟ್ಟುವುದು ಸರಿಯೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ಹುಲಿಯಷ್ಟೇ ರಕ್ಷಣೆಯಿದೆ, ಮೊದಲನೆಯ ಪಟ್ಟಿಯಲ್ಲಿ ಇಬ್ಬರೂ ಇದ್ದಾರೆ. ಹಗಲು ಹೊತ್ತಿನ ತ್ರೀಫೇಸ್ ಕರೆಂಟು ಯಾವ ಪಟ್ಟಿಯಲ್ಲೂ ಇಲ್ಲ.

ಅರಣ್ಯ ಇಲಾಖೆಯವರು ಬಂದು ಮೊಸಳೆಯನ್ನು ಒಯ್ದು ಆಲಮಟ್ಟಿಯ ನೀರಿಗೆ ಬಿಟ್ಟರು.